‘ಬೇರುಗಂಟು’ ರೋಗವೋ, ಗೊಬ್ಬರವೋ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ.

ಕಲಬುರಗಿ ಕಡೆಯ ತೊಗರಿ ರೈತರಿಗೆ ಒಂದು ಕರಪತ್ರ ಬರೆಯುತ್ತಿದ್ದೆ. ಅದರಲ್ಲೊಂದು ಸಾಲು: “ರಾಸಾಯನಿಕಗಳಿಂದ ಬೇರುಗಂಟು ಬ್ಯಾಕ್ಟೀರಿಯಾದ ಬೆಳವಣಿಗೆ ಕುಂಠಿತವಾಗುತ್ತದೆ.” ಅಚ್ಚಿಗೆ ಕೊಡುವ ಮೊದಲು ಆಳಂದದ ನಮ್ಮ ಕಾಕಾಗೆ ಓದಿ ಹೇಳಿದೆ. “ಛಲೋ ಆಯ್ತಲ್ಲೋ, ಗಂಟು ರೋಗ ಕಮ್ಮಿ ಆಗ್ತದ!” ಅಂದರು.

ತಪ್ಪು ಅವರದಲ್ಲ. ಅವರು ಬದನೆ, ಟೊಮೆಟೊ ಬೆಳೆದವರು. ಅಲ್ಲಿ ಮಣ್ಣಿನ ಜಂತುಹುಳುವಿನಿಂದ ಬೇರು ಊದಿಕೊಂಡರೆ ಅದಕ್ಕೂ ಬೇರುಗಂಟು ಅಂತಲೇ ಹೆಸರು. ದನಗಳಿಗೆ ಚರ್ಮಗಂಟು ರೋಗ ಬಂದ ಮೇಲಂತೂ ಗಂಟು ಅಂದರೇ ಹೆದರಿಕೆ. ತೊಗರಿಯ ಗಂಟು ಬೇರೆಯೇ. ಬೇರಿನ ಪಕ್ಕಕ್ಕೆ ಅಂಟಿದ ಕಾಳಿನ ಹಾಗಿರುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ. ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿಯೊಂದು ಅಲ್ಲಿದೆ. ಒಳಗೆ ಕೂತ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತದೆ. ರೋಗದ ಗಂಟು ಹಾಗೆ ಉದುರುವುದಿಲ್ಲ, ಬೇರು ತಾನೇ ಊದಿರುತ್ತದೆ.

‘ಬೇರುಗುಳ್ಳೆ’ ಅನ್ನೋಣವೆಂದರೆ ಗುಳ್ಳೆ ಅಂದ ಕೂಡಲೇ ಸುಟ್ಟಗಾಯ ನೆನಪಾಗುತ್ತದೆ. ‘ಗ್ರಂಥಿ’ ಪುಸ್ತಕದ್ದಾಯಿತು. ನನಗಂತೂ ಗಂಟನ್ನು ಬಿಡಲು ಮನಸ್ಸಿಲ್ಲ. ಕೂಡಿಟ್ಟ ದುಡ್ಡಿಗೂ ಗಂಟು ಅಂತೀವಲ್ವಾ? ತೊಗರಿ ಮಾಡುವುದೂ ಅದನ್ನೇ.

ಇನ್ನು ‘ಕುಂಠಿತ’. ಸೋಮಾರಿ ಪದ, ನಾನೇ ಸುಮ್ನೆ ಬರೆದುಬಿಟ್ಟಿದ್ದೆ. ಗಿಡ ಬಾಡಿ ಸಾಯುವ ನೆಟೆ ರೋಗ ಬಾರದಿರಲೆಂದು ಬೀಜಕ್ಕೆ ಹಚ್ಚುವ ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕ ಪುಡಿಯ ಜೊತೆಗೇ ರೈಜೋಬಿಯಂ ಕಲಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಅದಕ್ಕೇ ಪುಡಿ ಮೊದಲು ಹಚ್ಚಬೇಕು. ರೈಜೋಬಿಯಂ ಕೊನೆಗೆ, ಬೆಲ್ಲದ ನೀರಲ್ಲಿ ಕಲಸಿ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಯೂರಿಯಾದ ಕತೆ ಹಾಗಲ್ಲ. ಬ್ಯಾಕ್ಟೀರಿಯಾ ಮಣ್ಣಲ್ಲೇ ಇರುತ್ತದೆ. ಕೂತಲ್ಲೇ ಯೂರಿಯಾದ ಸಾರಜನಕ ಸಿಕ್ಕಿದ ಗಿಡ ಬ್ಯಾಕ್ಟೀರಿಯಾವನ್ನು ಒಳಗೆ ಕರೆಯುವುದು ಕಡಿಮೆ. ಎರಡಕ್ಕೂ ‘ಕುಂಠಿತ’ ಅಂದರೆ ರೈತ ಏನು ತಿಳಿಯಬೇಕು?

ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: “ಬೀಜಕ್ಕೆ ಹಚ್ಚುವ ವಿಷದ ಪುಡಿ ರೈಜೋಬಿಯಂ ಅನ್ನು ಕೊಲ್ಲಬಹುದು. ಯೂರಿಯಾ ಜಾಸ್ತಿಯಾದರೆ ತೊಗರಿ ಗಂಟು ಕಟ್ಟುವುದು ಕಡಿಮೆಯಾಗುತ್ತದೆ.” ಕಾಕಾ ಈ ಸಲ ಖುಷಿಪಡಲಿಲ್ಲ, ಅಂದರೆ ಅರ್ಥವಾಯಿತು.

ಆದರೂ ಕೇಳುತ್ತೇನೆ: ಬೀದರ್, ಯಾದಗಿರಿ ಕಡೆ ಈ ಎರಡು ಗಂಟಿಗೂ ಬೇರೆ ಬೇರೆ ಹೆಸರಿವೆಯಾ? ಹೊಲದಲ್ಲಿ ಕಿವಿಯಾರೆ ಕೇಳಿದ್ದರೆ ಬರೆಯಿರಿ. ನಿಘಂಟಿನಲ್ಲಿರುವುದು ನನ್ನ ಹತ್ತಿರವೂ ಇದೆ.