ಪದ ಬೇಕು: ಅಜ್ಜಿಗೇ ನಿಲ್ಲುವ 'ಮೂಲ'

ಈ ಮಿಂಚಂಚೆ ಪಟ್ಟಿಯ ಎಲ್ಲರಿಗೂ ನಮಸ್ಕಾರ,

ರಗ್ಬಿ ಲೀಗ್ ವಿಶ್ವಕಪ್ ಬಗ್ಗೆ ಒಂದು ಪರಿಚಯ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇವತ್ತು ರಾತ್ರಿಯೇ ಒಪ್ಪಿಸಬೇಕು. ಎರಡು ಪದಗಳು ಕೈ ಕೊಟ್ಟಿವೆ.

ಮೊದಲನೆಯದು 'ಎಲಿಜಿಬಿಲಿಟಿ'. ಒಬ್ಬ ಆಟಗಾರ ಯಾವ ದೇಶದ ಪರ ಆಡಬಹುದು ಎನ್ನುವ ನಿಯಮ. ಅವನು ಆ ದೇಶದಲ್ಲಿ ಹುಟ್ಟಿರಬೇಕು. ಇಲ್ಲವೇ ತಂದೆ, ತಾಯಿ, ಅಜ್ಜ, ಅಜ್ಜಿ ಇವರಲ್ಲಿ ಯಾರಾದರೂ ಅಲ್ಲಿ ಹುಟ್ಟಿರಬೇಕು. ಅದೂ ಇಲ್ಲದಿದ್ದರೆ ಅಲ್ಲಿ 5 ವರ್ಷ ನೆಲೆಸಿರಬೇಕು.

ಎರಡನೆಯದು 'ಹೆರಿಟೇಜ್ ಪ್ಲೇಯರ್'. ತಾನು ಹುಟ್ಟಿದ್ದು ಒಂದು ದೇಶದಲ್ಲಿ, ಆಡುವುದು ಹಿರಿಯರ ದೇಶಕ್ಕೆ. ಅಂಥವನನ್ನು ಏನನ್ನಬೇಕು? 'ಪರಂಪರೆಯ ಆಟಗಾರ' ಎಂದು ಬರೆದು ನೋಡಿದೆ. ಯಕ್ಷಗಾನದ ಹಿರಿಯ ಭಾಗವತರ ಹಾಗೆ ಕೇಳಿಸಿತು. ಅಳಿಸಿಬಿಟ್ಟೆ.

ತಲೆಬರಹಕ್ಕೆ ಜಾಗ ಕಡಿಮೆ. ಹದಿನಾಲ್ಕು ಅಕ್ಷರ ಮೀರುವ ಹಾಗಿಲ್ಲ.

– ವಿ.

* * *

ಅರ್ಹತೆ. ಇಷ್ಟಕ್ಕೆ ಪಟ್ಟಿಗೆ ಬರೆಯಬೇಕಿತ್ತೇ?

– ರಾ.

* * *

ರಾ. ಅವರೇ, 'ಅರ್ಹತೆ' ನನಗೂ ಮೊದಲು ಹೊಳೆದದ್ದೇ. ತೊಂದರೆ ಏನೆಂದರೆ ಅದೇ ಪುಟದಲ್ಲಿ 'ಅರ್ಹತಾ ಸುತ್ತು' ಇದೆ. ಯಾವ ತಂಡ ವಿಶ್ವಕಪ್‌ಗೆ ಬಂತು, ಹೇಗೆ ಬಂತು ಎನ್ನುವ ಭಾಗ. ಅದರ ಕೆಳಗೇ 'ಅರ್ಹತಾ ನಿಯಮ' ಎಂದು ಹಾಕಿದರೆ ಓದುವವರು ಅದನ್ನೂ ತಂಡದ ಲೆಕ್ಕವೆಂದೇ ತಿಳಿಯುತ್ತಾರೆ ಅಲ್ವಾ? ಗೆದ್ದು ಪಡೆಯುವ ಅರ್ಹತೆ ಬೇರೆ. ಅಜ್ಜಿಯಿಂದ ಸುಮ್ನೆ ಸಿಗುವ ಅರ್ಹತೆ ಬೇರೆ.

– ವಿ.

* * *

ವಿ. ಅವರೇ,

ಕನ್ನಡದಲ್ಲಿ ಪದ ಇಲ್ಲ ಎನ್ನುವವರು ಕನ್ನಡದಲ್ಲಿ ಹುಡುಕುವುದೇ ಇಲ್ಲ. 'ತಗು' ಎನ್ನುವ ಬೇರು ಇದೆ. ನಗು-ನಕ್ಕ, ಪುಗು-ಪೊಕ್ಕ ಇದ್ದ ಹಾಗೆಯೇ ತಗು-ತಕ್ಕ. 'ತಕ್ಕವನು', 'ತಕ್ಕಂತೆ', 'ತಕ್ಕ ಶಾಸ್ತಿ' ಎಲ್ಲವೂ ದಿನಬಳಕೆಯವೇ. ತಮಿಳರು ಇದೇ ಬೇರಿನಿಂದ 'ತಗುದಿ' ಮಾಡಿಕೊಂಡು ಎಲಿಜಿಬಿಲಿಟಿಗೆ ಹಾಯಾಗಿ ಬಳಸುತ್ತಿದ್ದಾರೆ. ನಾವು 'ತಕ್ಕಮೆ' ಎನ್ನಲು ನಾಚಿಕೊಳ್ಳುತ್ತೇವೆ. 'ಆಡುವ ತಕ್ಕಮೆ'. ಎಣಿಸಿ ನೋಡಿ, ಆರೇ ಅಕ್ಷರ. ತೂಗಿ ನೋಡುವ ತಕ್ಕಡಿಯೂ ಇದೇ ಬೇರಿನದ್ದು.

ಸಂಸ್ಕೃತದ ಊರುಗೋಲು ಇನ್ನೆಷ್ಟು ದಿನ?

– ಬ.

* * *

ತಕ್ಕಡಿಗೂ ತಕ್ಕುದಕ್ಕೂ ನಂಟಿಲ್ಲ. ಮರಾಠಿಯ ತಾಗಡಿ ನೋಡಿ. 'ತಕ್ಕ ಶಾಸ್ತಿ'ಯಲ್ಲಿ ಶಾಸ್ತಿ ಯಾವ ಭಾಷೆಯದ್ದು ಎಂದೂ ನೋಡಿ.

– ರಾ.

* * *

ಇಬ್ಬರೂ ಒಂದು ಕ್ಷಣ ತಡೆಯಿರಿ. ನಾನು ಕ್ರೀಡಾ ಪುಟದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ವಿ. ಅವರ ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ನಾವು ಪತ್ರಿಕೆಯಲ್ಲಿ ಬರೆಯುವುದು 'ಮೂಲದ' ಎಂದು. 'ಭಾರತ ಮೂಲದ ಬೌಲರ್' ಅಂದರೆ ಯಾರಿಗೂ ವಿವರಿಸಬೇಕಿಲ್ಲ. ಹಾಗೆಯೇ 'ಟೋಂಗಾ ಮೂಲದ ಆಟಗಾರ'. ಜೇಸನ್ ಟೌಮಲೋಲೊ ಹುಟ್ಟಿದ್ದು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ. ಆ ದೇಶಕ್ಕೇ ಆಡುತ್ತಿದ್ದ. 2017ರ ವಿಶ್ವಕಪ್‌ಗೆ ಇನ್ನೇನು ಹೊರಡಬೇಕು ಎನ್ನುವಾಗ ಟೋಂಗಾ ಕಡೆ ಹೋದ. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಅಲ್ಲಿಗೇ ಆಡಿದ್ದ ಆಂಡ್ರ್ಯೂ ಫಿಫಿಟಾ ಕೂಡ ಹಾಗೇ ಮಾಡಿದ. ಹ್ಯಾಮಿಲ್ಟನ್‌ನಲ್ಲಿ ಟೋಂಗಾ 28–22ರಿಂದ ನ್ಯೂಜಿಲೆಂಡ್‌ ಅನ್ನೇ ಸೋಲಿಸಿತು. ಅರ್ಧ ಆಟ ಮುಗಿದಾಗ 2–16ರಿಂದ ಹಿಂದಿದ್ದ ತಂಡ ಅದು!

ಹಾಗೆ ತಂಡ ಬದಲಿಸಲು ನಿಯಮದಲ್ಲೇ ಜಾಗ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್ ಮೂರು ಮೇಲಿನ ಸಾಲಿನ (ಟಿಯರ್) ದೇಶಗಳು. ಈ ಮೂರರಲ್ಲಿ ಒಂದಕ್ಕೆ ಆಡಿದವನು ಇನ್ನೊಂದಕ್ಕೆ ಆಡುವಂತಿಲ್ಲ. ಆದರೆ ಹಿರಿಯರ ನಂಟು ಇದ್ದರೆ ಕೆಳಗಿನ ಸಾಲಿನ ದೇಶಕ್ಕೆ ಹೋಗಬಹುದು. 'ಟಿಯರ್' ಎನ್ನುವುದನ್ನು 'ದರ್ಜೆ' ಮಾಡಬೇಡಿ. 'ಮೊದಲ ದರ್ಜೆ' ಅಂದ ಕೂಡಲೇ ನಮ್ಮವರ ತಲೆಯಲ್ಲಿ ರಣಜಿ ಪಂದ್ಯ ಶುರುವಾಗುತ್ತದೆ. 'ಸಾಲು' ಇರಲಿ. ಮತ್ತೆ ದಯವಿಟ್ಟು 'ಪಕ್ಷಾಂತರ' ಎಂದು ಬರೆಯಬೇಡಿ. ಒಬ್ಬರು ಹಾಗೆ ಬರೆದದ್ದು ನೋಡಿದ್ದೇನೆ. ಪಾಪ, ಅವನು ಯಾವ ರೆಸಾರ್ಟಿಗೂ ಹೋಗಿರಲಿಲ್ಲ.

– ಗು.

* * *

ಗು. ಅವರ 'ಮೂಲದ' ಪದಕ್ಕೆ ನನ್ನ ವಿರೋಧವಿದೆ.

'ಮೂಲ' ಬಹಳ ಜಾರುವ ಪದ. ಇದೇ ಆಟದಲ್ಲಿ 'ಸ್ಟೇಟ್ ಆಫ್ ಒರಿಜಿನ್' ಎಂಬ ಪಂದ್ಯಗಳಿವೆ. ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್ ಎಂಬ ಆಸ್ಟ್ರೇಲಿಯಾದ ಎರಡು ರಾಜ್ಯಗಳ ನಡುವೆ 1980ರಲ್ಲಿ ಶುರುವಾದವು. ಅದಕ್ಕೂ ಮೊದಲು ಆಟಗಾರ ಆಗ ಯಾವ ರಾಜ್ಯದ ಕ್ಲಬ್‌ನಲ್ಲಿ ಇದ್ದನೋ ಆ ರಾಜ್ಯಕ್ಕೆ ಆಡುತ್ತಿದ್ದ. ನ್ಯೂ ಸೌತ್ ವೇಲ್ಸ್‌ನ ಸಿಡ್ನಿಯ ಕ್ಲಬ್‌ಗಳ ಹತ್ತಿರ ಹಣ ಜಾಸ್ತಿ. ಕ್ವೀನ್ಸ್‌ಲೆಂಡಿನ ಒಳ್ಳೆಯ ಹುಡುಗರೆಲ್ಲ ಅಲ್ಲಿ ಸೇರಿ ತಮ್ಮ ರಾಜ್ಯವನ್ನೇ ಸೋಲಿಸುತ್ತಿದ್ದರು. ಅದಕ್ಕೇ 'ಒರಿಜಿನ್' ಎಂಬ ಪದ ಬಂತು. ಕ್ವೀನ್ಸ್‌ಲೆಂಡಿನ ಆರ್ಥರ್ ಬೀಟ್ಸನ್ 35ನೇ ವಯಸ್ಸಿನಲ್ಲಿ ತನ್ನ ರಾಜ್ಯದ ಅಂಗಿ ತೊಟ್ಟದ್ದು ಆಗಲೇ.

ಆದರೆ ಅಲ್ಲಿನ 'ಮೂಲ' ಹುಟ್ಟೂರಲ್ಲ! ಗ್ರೆಗ್ ಇಂಗ್ಲಿಸ್ ಹುಟ್ಟಿದ್ದು ನ್ಯೂ ಸೌತ್ ವೇಲ್ಸ್‌ನಲ್ಲಿ. ಆಡಿದ್ದು ಕ್ವೀನ್ಸ್‌ಲೆಂಡ್‌ಗೆ. ಅಂದಮೇಲೆ ಒಂದೇ ಪುಟದಲ್ಲಿ ರಾಜ್ಯದ ಮೂಲಕ್ಕೆ ಒಂದು ಅರ್ಥ, ದೇಶದ ಮೂಲಕ್ಕೆ ಇನ್ನೊಂದು ಅರ್ಥ ಆಯಿತು. 'ಪೂರ್ವಜರ ನಾಡಿನ ಆಟಗಾರ' ಎನ್ನಿ. ಉದ್ದವಾದರೂ ಸ್ಪಷ್ಟ.

– ಶಾ.

* * *

ಶಾ. ಅವರೇ, 'ಪೂರ್ವಜರು' ಎಲ್ಲಿಗೆ ನಿಲ್ಲುತ್ತಾರೆ? ನಿಲ್ಲುವುದೇ ಇಲ್ಲ. ನಿಯಮ ಅಜ್ಜಿಗೆ ನಿಲ್ಲುತ್ತದೆ.

ಇದು ತರ್ಕಕ್ಕೆ ಹೇಳಿದ ಮಾತಲ್ಲ. 2006ರಲ್ಲಿ ನೇಥನ್ ಫೀನ್ ನ್ಯೂಜಿಲೆಂಡ್ ಪರ ಮೂರು ದೇಶಗಳ ಸರಣಿ ಆಡಿದ. ಆಸ್ಟ್ರೇಲಿಯಾದಲ್ಲಿ ಹುಟ್ಟಿದವನು, ಕ್ವೀನ್ಸ್‌ಲೆಂಡ್‌ಗೂ ಆಡಿದ್ದವನು. ಅಜ್ಜಿ ನ್ಯೂಜಿಲೆಂಡಿನವಳು ಎಂಬ ಲೆಕ್ಕದಲ್ಲಿ ಅವನನ್ನು ತೆಗೆದುಕೊಂಡಿದ್ದರು. ಆಮೇಲೆ ನೋಡಿದರೆ ಅವಳು ಮುತ್ತಜ್ಜಿ! ಗ್ರೇಟ್ ಬ್ರಿಟನ್ ವಿರುದ್ಧ ಗೆದ್ದ ಪಂದ್ಯದ ಎರಡು ಅಂಕಗಳನ್ನು ನ್ಯೂಜಿಲೆಂಡ್‌ನಿಂದ ಕಿತ್ತುಕೊಂಡರು. ಪೂರ್ವಜಳಂತೂ ಹೌದು. ಆದರೂ ಲೆಕ್ಕಕ್ಕಿಲ್ಲ. ಒಂದು 'ಮುತ್ತ್' ಜಾಸ್ತಿಯಾಗಿ ಎರಡು ಅಂಕ ಹೋಯಿತು. ವಿ. ಅವರು 'ಪೂರ್ವಜರು' ಎಂದು ಬರೆದರೆ ಆ ತಪ್ಪನ್ನು ಕನ್ನಡದಲ್ಲಿ ಇನ್ನೊಮ್ಮೆ ಮಾಡಿದಂತೆ.

ಅವನ ಕಥೆ ಅಲ್ಲಿಗೆ ಮುಗಿಯಲಿಲ್ಲ. ನ್ಯೂಜಿಲೆಂಡ್‌ನಲ್ಲೇ ಉಳಿದ. ವಾಸದ ಲೆಕ್ಕದಲ್ಲಿ ಅರ್ಹನಾದ. ಆಗ 3 ವರ್ಷ ಸಾಕಿತ್ತು. 2008ರ ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 34–20ರಿಂದ ಸೋಲಿಸಿದ ತಂಡದಲ್ಲಿ ಅವನಿದ್ದ. ಮುತ್ತಜ್ಜಿ ಕೊಡಿಸಲಾಗದ್ದನ್ನು ಮನೆಬಾಡಿಗೆ ಕೊಡಿಸಿತು.

'ಪೋಷಕರು' ಕೂಡ ಬೇಡ. ಅದು ಸಾಕಿದವರು, ಶಾಲೆಯ ಅರ್ಜಿಯ ಪದ. 'ಹೆತ್ತವರು' ಅಂದರೆ ದತ್ತು ಮಕ್ಕಳ ಪ್ರಶ್ನೆ ಏಳುತ್ತದೆ. 'ತಂದೆ ಅಥವಾ ತಾಯಿ' ಎಂದು ನೇರವಾಗಿ ಬರೆಯಿರಿ.

– ಗು.

* * *

ಗು. ಅವರ ಮಾತು ಸರಿ. ಒಂದು ಸಲಹೆ ಸೇರಿಸುತ್ತೇನೆ. 'ತವರು ಆಟಗಾರ' ಹೇಗೆ? 'ತವರು ಮೈದಾನ' ಈಗಾಗಲೇ ಇದೆ. ಹಿರಿಯರ ನಾಡಿಗೆ ಮರಳುವ ಭಾವವೂ ಬರುತ್ತದೆ.

– ಶಾ.

* * *

ತವರು ತಾಯಿಯ ಕಡೆಯದ್ದು. ಅಪ್ಪನ ಅಪ್ಪ ಸಮೋವಾದವನಾದರೆ? ನಾಲ್ವರಲ್ಲಿ ಇಬ್ಬರಿಗಷ್ಟೇ ಸಲ್ಲುವ ಪದ. ಮೇಲಾಗಿ, ತವರು ಮೈದಾನ ಅಂದರೆ ಇದೇ ಊರಿನ ಮೈದಾನ. ಇವನು ಆ ಊರನ್ನು ಕಂಡೇ ಇಲ್ಲದಿರಬಹುದು. ಬಿಡಿ.

– ರಾ.

* * *

ತಕ್ಕಡಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ತಕ್ಕಮೆಯನ್ನಲ್ಲ.

ಯಾರಿಗೂ ಅದು ಹಿಡಿಸದಿದ್ದರೆ 'ಆಡುವ ಹಕ್ಕು' ಎನ್ನಿ. ಅಚ್ಚ ಕನ್ನಡ. ಹಳ್ಳಿಯವರಿಗೂ ಗೊತ್ತು. ಇನ್ನೊಂದಕ್ಕೆ 'ಅಜ್ಜಿ ನಂಟಿನ ಆಟಗಾರ'. ಇದೂ ಅಚ್ಚ ಕನ್ನಡವೇ.

– ಬ.

* * *

ಬ. ಅವರೇ, 'ಹಕ್ಕು' ಅರಬ್ಬಿಯ 'ಹಕ್'. 'ಅಜ್ಜ' ಸಂಸ್ಕೃತದ 'ಆರ್ಯ'ದ ತದ್ಭವ, ಶಾಲೆಯ ಪಟ್ಟಿಯಲ್ಲೇ ಇದೆ. ನಿಮ್ಮ ಅಚ್ಚಗನ್ನಡದಲ್ಲಿ ಉಳಿದದ್ದು ನಂಟು ಮತ್ತು ಆಟ.

– ರಾ.

* * *

ತದ್ಭವವನ್ನು ಕನ್ನಡವೆಂದೇ ಎಣಿಸುವುದು ಕೇಶಿರಾಜನ ಕಾಲದಿಂದ ಬಂದ ಪದ್ಧತಿ. ಅದು ರಾ. ಅವರಿಗೆ ಗೊತ್ತಿಲ್ಲವೆಂದಲ್ಲ. ಬೇಕೆಂದೇ ಮರೆಯುತ್ತಾರೆ. ನನ್ನ ತಕರಾರು ಬೇರೆ. ಗು. ಅವರ ಹಳೆಯ ಪುಟಗಳಲ್ಲಿ 'ಅಜ್ಜಿನಿಯಮ' ಎಂದು ಕೂಡಿಸಿ ಅಚ್ಚಾದದ್ದನ್ನು ನೋಡಿದ ನೆನಪು. ಅಜ್ಜಿ ತದ್ಭವ, ನಿಯಮ ತತ್ಸಮ. ಶುದ್ಧ ಅರಿಸಮಾಸ. 'ಅಜ್ಜಿಯ ನಿಯಮ' ಎಂದು ಬಿಡಿಸಿ ಬರೆಯಲು ಎಷ್ಟು ಶಾಯಿ ಖರ್ಚಾಗುತ್ತದೆ?

– ಶಾ.

* * *

ಮಂಗಳಾರತಿ ತಟ್ಟೆ, ಬೆಂಕಿ ಅನಾಹುತ ಎಲ್ಲವೂ ಅರಿಸಮಾಸವೇ, ಮೇಡಂ. ಬೆಂಕಿ ಆರಿಸುವವರು ಸಮಾಸ ಬಿಡಿಸಿಕೊಂಡು ಕೂರುವುದಿಲ್ಲ.

– ಗು.

* * *

ಇದೇ ನಿಮ್ಮ ಪತ್ರಿಕೆಯವರ ಉಡಾಫೆ. 'ಅರ್ಹತೆ' ಬಂತು, 'ತಕ್ಕುದು' ಹೋಯಿತು. 'ವಾಸ' ಬಂತು, 'ಒಕ್ಕಲು' ಹೋಯಿತು. ಹೊರಗಿನ ಪದ ಬರಲಿ, ಬೇಡ ಎಂದವನಲ್ಲ ನಾನು. ರಗ್ಬಿಯನ್ನು ರಗ್ಬಿ ಎಂದೇ ಕರೆಯೋಣ. ಆಟ ಅವರದ್ದು, ಹೆಸರೂ ಅವರದ್ದು. ಆದರೆ 'ಒಬ್ಬ ಎಲ್ಲಿಯವನು' ಎನ್ನುವ ಪ್ರಶ್ನೆ ನಮ್ಮಲ್ಲಿ ಇರಲಿಲ್ಲವೇ? ಅದಕ್ಕೂ ಕಡ ಬೇಕೇ?

– ಬ.

* * *

'ಎಲ್ಲಿಯವನು'!

ಬ. ಅವರೇ, ಜಗಳದ ನಡುವೆ ನನಗೆ ಬೇಕಾದದ್ದನ್ನು ಕೊಟ್ಟುಬಿಟ್ಟಿರಿ. ಪುಟ ಈಗ ತಾನೇ ಕಳಿಸಿದೆ.

ತಲೆಬರಹ: 'ಯಾರು ಯಾವ ದೇಶಕ್ಕೆ?' ಏಳೇ ಅಕ್ಷರ. ಅರ್ಹತೆಯೂ ಇಲ್ಲ, ತಕ್ಕಮೆಯೂ ಇಲ್ಲ. ಒಳಗೆ 'ಆಡಬಹುದು', 'ಆಡುವಂತಿಲ್ಲ' ಎಂಬ ಕ್ರಿಯಾಪದದಲ್ಲೇ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ನಾಮಪದ ಇದೆ ಎಂದು ಇಲ್ಲೂ ನಾಮಪದವನ್ನೇ ಹುಡುಕುತ್ತಿದ್ದದ್ದು ನನ್ನ ತಪ್ಪು.

ಹೆರಿಟೇಜ್ ಪ್ಲೇಯರ್‌ಗೆ ಗು. ಅವರ 'ಟೋಂಗಾ ಮೂಲದ', 'ಸಮೋವಾ ಮೂಲದ' ಉಳಿಸಿಕೊಂಡೆ. ಶಾ. ಅವರ ಎಚ್ಚರಿಕೆಯನ್ನೂ ಬಿಟ್ಟಿಲ್ಲ. ಆ ರಾಜ್ಯಗಳ ಪಂದ್ಯವನ್ನು 'ಮೂಲ' ಮಾಡದೆ 'ಸ್ಟೇಟ್ ಆಫ್ ಒರಿಜಿನ್' ಎಂದೇ ಇಟ್ಟೆ. ಮೂಲದ ಎನ್ನುವುದು ಮೊದಲ ಸಲ ಬಂದ ಕಡೆ ಹೀಗೆ ಬರೆದಿದ್ದೇನೆ: 'ಇಲ್ಲಿ ಮೂಲವೆಂದರೆ ಅಜ್ಜ-ಅಜ್ಜಿಯ ತನಕ ಮಾತ್ರ. ಮುತ್ತಜ್ಜಿ ಲೆಕ್ಕಕ್ಕಿಲ್ಲ.' ಫೀನ್ ಕಥೆಗೆ ಪಕ್ಕದಲ್ಲಿ ಒಂದು ಪುಟ್ಟ ಚೌಕ ಸಿಕ್ಕಿತು.

ಸಮೋವಾ ತಂಡ 2022ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಫೈನಲ್ ಆಡಿದ್ದನ್ನೂ ಸೇರಿಸಿದೆ. 10–30ರಿಂದ ಸೋತರು, ನಿಜ. ಆದರೆ ಆ ತಂಡದ ಬಹಳಷ್ಟು ಹುಡುಗರು ಬೆಳೆದದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ. ಈ ನಿಯಮ ಇಲ್ಲದಿದ್ದರೆ ಆ ಫೈನಲ್ಲೇ ಇಲ್ಲ.

– ವಿ.

* * *

ಒಂದು ಅನುಮಾನ. 'ರಗ್ಬಿ ಲೀಗ್ ವಿಶ್ವಕಪ್' ಎಂದರೆ ಓದುಗರು ಲೀಗ್ ಹಂತದ ಪಂದ್ಯ ಎಂದುಕೊಳ್ಳುವುದಿಲ್ಲವೇ? ಲೀಗ್ ಎನ್ನುವುದು ಇಲ್ಲಿ ಆಟದ ಹೆಸರೇ. 1895ರಲ್ಲಿ ಹಡರ್ಸ್‌ಫೀಲ್ಡ್‌ನಲ್ಲಿ ಒಡೆದು ಬೇರೆಯಾದ, ಹದಿಮೂರು ಜನರ ಆಟ. ಹದಿನೈದು ಜನರದ್ದು ಯೂನಿಯನ್.

– ಗು.

* * *

ಅಯ್ಯೋ. ತಿದ್ದಲು ಬೆಳಗಿನ ತನಕ ಸಮಯ ಕೊಟ್ಟಿದ್ದಾರೆ. ಏನನ್ನಲಿ?

– ವಿ.

* * *

ಹದಿಮೂರಾಳಾಟ.

– ಬ.

* * *

ಸಂಧಿ ಸರಿಯಾಗಿದೆ. ಬೇರೇನೂ ಸರಿಯಿಲ್ಲ.

– ರಾ.