ಸರ್ಕಾರ ಕೈ ಬಿಟ್ಟರೆ ದಾನ ಕೈ ಹಿಡಿಯುತ್ತಾ?

ಪ್ರಶ್ನೆ:
ಸರ್ಕಾರ ಪೊಲೀಸು, ಕೋರ್ಟು, ಗಡಿ ಕಾವಲು ನೋಡಿಕೊಂಡರೆ ಸಾಕು, ಬಡವರ ನೆರವು ಜನರ ದಾನಕ್ಕೇ ಬಿಡಿ ಅಂತ ನನ್ನ ಗೆಳೆಯನ ವಾದ. ತೆರಿಗೆ ಇಳಿದರೆ ಜನ ಜಾಸ್ತಿ ಕೊಡುತ್ತಾರಂತೆ. ನಾನು ಆರು ವರ್ಷ ಒಂದು ದತ್ತಿ ಸಂಸ್ಥೆಯ ಲೆಕ್ಕ ಬರೆದವನು. ಮಗುವಿನ ಆಪರೇಷನ್ನಿಗೆ ಫೋಟೋ ಹಾಕಿ ಕೇಳಿದರೆ ಎರಡೇ ದಿನದಲ್ಲಿ ಹಣ ತುಂಬುತ್ತಿತ್ತು. ಲಕ್ವ ಹೊಡೆದು ಮಲಗಿದ್ದ ಮುದುಕರೊಬ್ಬರ ಡೈಪರ್ ಖರ್ಚಿಗೆ ಮೂರು ತಿಂಗಳು ಕಾದರೂ ಅರ್ಧ ಬರಲಿಲ್ಲ. ಅಂಥವರ ಗತಿ ಏನು?

ಉತ್ತರ 1:
ದಾನ ಒಂದನ್ನೇ ಯಾಕೆ ನೋಡ್ತೀರಿ ಸರ್? ಬ್ರಿಟನ್ನಿನಲ್ಲಿ 1911ರ ರಾಷ್ಟ್ರೀಯ ವಿಮೆ ಕಾಯ್ದೆಗೆ ಮುಂಚೆ ಲಕ್ಷಾಂತರ ಕೂಲಿಗಳು ತಾವೇ ಸಂಘ ಕಟ್ಟಿ ಚಂದಾ ಹಾಕುತ್ತಿದ್ದರು. ಕಾಯಿಲೆ ಬಿದ್ದರೆ ಭತ್ಯೆ, ಸಂಘದ್ದೇ ಡಾಕ್ಟರು, ಸತ್ತರೆ ಮಣ್ಣಿನ ಖರ್ಚು. ಯಾರ ಮುಂದೂ ಕೈ ಚಾಚಬೇಕಿರಲಿಲ್ಲ. ಸುಳ್ಳು ರಜೆ ಹಾಕಿದವನನ್ನು ಪಕ್ಕದವನೇ ಹಿಡಿಯುತ್ತಿದ್ದ!

ಉತ್ತರ 2:
ನಿಜ, ಆದರೆ ಚಂದಾ ಕಟ್ಟುವಷ್ಟು ಸಂಬಳ ಇದ್ದವರಿಗೆ ಮಾತ್ರ ಅಲ್ವಾ? ಇನ್ನೊಂದು ತೊಡಕು: ಎಲ್ಲರಿಗೂ ಒಟ್ಟಿಗೇ ಕಷ್ಟ ಬಂದರೆ ಕೊಡುವವರ ಜೇಬೂ ಖಾಲಿ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ದತ್ತಿ ಸಂಸ್ಥೆಗಳು ಹೀಗೇ ಸೋತವು. ಅದಕ್ಕೇ 1935ರಲ್ಲಿ ವಯಸ್ಸಾದವರಿಗೆ, ಕೆಲಸ ಕಳೆದುಕೊಂಡವರಿಗೆ ಸರ್ಕಾರದ ನೆರವು ಕೊಡಿಸುವ ಸಾಮಾಜಿಕ ಭದ್ರತಾ ಕಾಯ್ದೆ ಬಂತು.

ಪ್ರಶ್ನೆ ಕೇಳಿದವರು:
ಸಂಘದ ವಿಷಯ ಗೊತ್ತಿರಲಿಲ್ಲ, ಗೆಳೆಯನಿಗೆ ಹೇಳ್ತೀನಿ. ಆ ಮುದುಕರ ಉಳಿದರ್ಧ ಕೊನೆಗೆ ಸರ್ಕಾರದ ಪಿಂಚಣಿಯಿಂದ ಬಂತು. ಅದೂ ನಾಲ್ಕು ತಿಂಗಳು ತಡವಾಗಿ.