ಜಾವಾ: ಕ್ಲಾಸ್ ಜಾರ್‌ನಲ್ಲೇ ಇದೆ, ಆದರೂ ನೋಕ್ಲಾಸ್‌ಡೆಫ್‌ಫೌಂಡ್‌ಎರರ್

ಪ್ರಶ್ನೆ:
ಎರಡು ದಿನದಿಂದ ಇದರಲ್ಲೇ ಒದ್ದಾಡುತ್ತಿದ್ದೇನೆ. ಅಣ್ಣನ ದಿನಸಿ ಅಂಗಡಿಗೆ ಬಿಲ್ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಅದರಲ್ಲಿ 'ದರಪಟ್ಟಿ' ಅಂತ ಒಂದು ಕ್ಲಾಸ್. ಮೊದಲ ಸಾಲಿನಲ್ಲೇ ಒಂದು ಸ್ಟ್ಯಾಟಿಕ್ ಫೀಲ್ಡ್ (ಇಡೀ ಕ್ಲಾಸಿಗೆ ಒಂದೇ ಇರುವ ವೇರಿಯಬಲ್), ಅದಕ್ಕೆ ಅದೇ ಕ್ಲಾಸಿನ ಹೊಸ ಆಬ್ಜೆಕ್ಟ್. ಅದರ ಕೆಳಗೆ ಬೆಲೆ ಇಡಲು ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್. ಅಕ್ಕಿ, ತೊಗರಿಬೇಳೆ, ಬೆಲ್ಲದ ಬೆಲೆಯನ್ನು ಆಬ್ಜೆಕ್ಟ್ ಮಾಡುವಾಗ ನಡೆಯುವ ಕನ್‌ಸ್ಟ್ರಕ್ಟರ್ ಆ ಮ್ಯಾಪಿಗೆ ತುಂಬುತ್ತದೆ.

ಬಿಲ್ ಬಟನ್ ಒತ್ತಿದಾಗಲೆಲ್ಲ 'ಕ್ಲಾಸ್ ಸಿಗಲಿಲ್ಲ' ಅನ್ನುವ ನೋಕ್ಲಾಸ್‌ಡೆಫ್‌ಫೌಂಡ್‌ಎರರ್. ಜಾರ್ (ಎಲ್ಲ ಕ್ಲಾಸ್ ಕಟ್ಟಿಟ್ಟ ಫೈಲ್) ಬಿಚ್ಚಿ ನೋಡಿದೆ, ಕ್ಲಾಸ್ ಅಲ್ಲೇ ಇದೆ. ಆದರೆ ಅದೇ ಕ್ಲಾಸಿನ ಸ್ಟ್ಯಾಟಿಕ್ ಫೈನಲ್ ಇಂಟ್ ಮ್ಯಾಕ್ಸ್_ಲೈನ್ಸ್ = 40 ಮಾತ್ರ ಬೇರೆ ಕ್ಲಾಸಿನಿಂದ ಸರಿಯಾಗಿ ಸಿಗುತ್ತದೆ. ಹೇಗೆ?

ಉತ್ತರ 1:
ಲಾಗ್‌ನಲ್ಲಿ ಮೇಲೆ ಹುಡುಕಿ. ಎಕ್ಸೆಪ್ಷನ್‌ಇನ್‌ಇನಿಶಿಯಲೈಸರ್‌ಎರರ್ ಅಂತ ಒಂದೇ ಒಂದು ಸಲ ಬಂದಿರುತ್ತದೆ. ನಿಜವಾದ ಕಾರಣ ಅದರ ಹೊಟ್ಟೆಯಲ್ಲಿದೆ.

ಪ್ರಶ್ನೆ ಕೇಳಿದವರು:
ಸಿಕ್ಕಿತು ಸರ್! ಪ್ರೋಗ್ರಾಂ ಶುರುವಾದ ತಕ್ಷಣ ಬಂದಿದೆ. ಒಳಗೆ ನಲ್‌ಪಾಯಿಂಟರ್‌ಎಕ್ಸೆಪ್ಷನ್. ಮ್ಯಾಪ್ ನಲ್ ಅಂತೆ, ಅಂದರೆ ಇನ್ನೂ ಇಲ್ಲವೇ ಇಲ್ಲ. ನಾನು ನ್ಯೂ ಹ್ಯಾಶ್‌ಮ್ಯಾಪ್ ಅಂತ ಬರೆದಿದ್ದೇನಲ್ಲ?

ಉತ್ತರ 2:
ಬರೆದಿದ್ದೀರಿ, ಆದರೆ ಆ ಸಾಲಿನ ಸರದಿ ಇನ್ನೂ ಬಂದಿರಲಿಲ್ಲ. ನನಗೂ ಒಮ್ಮೆ ಇದೇ ಆಗಿ ಇಡೀ ರಾತ್ರಿ ನಿದ್ದೆಗೆಟ್ಟಿದ್ದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಕ್ಲಾಸ್ ಲೋಡ್ ಆಗುವುದೇ ಬೇರೆ, ಇನಿಶಿಯಲೈಸ್ (ಬಳಕೆಗೆ ಸಿದ್ಧ) ಆಗುವುದೇ ಬೇರೆ. ಮೊದಲ ಸಲ ನೀವು ಆಬ್ಜೆಕ್ಟ್ ಮಾಡಿದಾಗ, ಸ್ಟ್ಯಾಟಿಕ್ ಮೆಥಡ್ ಕರೆದಾಗ ಅಥವಾ ಸ್ಟ್ಯಾಟಿಕ್ ಫೀಲ್ಡ್ ಮುಟ್ಟಿದಾಗ ಇನಿಶಿಯಲೈಸ್ ಶುರುವಾಗುತ್ತದೆ. ಆಗ ಸ್ಟ್ಯಾಟಿಕ್ ಸಾಲುಗಳು, ಸ್ಟ್ಯಾಟಿಕ್ ಬ್ಲಾಕ್‌ಗಳು ಬರೆದ ಕ್ರಮದಲ್ಲೇ ಮೇಲಿಂದ ಕೆಳಗೆ ನಡೆಯುತ್ತವೆ. ನಿಮ್ಮ ಮೊದಲ ಸಾಲು ಕನ್‌ಸ್ಟ್ರಕ್ಟರ್ ಕರೆಯಿತು. ಆ ಹೊತ್ತಿಗೆ ಮ್ಯಾಪ್ ಇನ್ನೂ ನಲ್. ಅಕ್ಕಿ ಹಾಕಲು ಹೋಗಿ ಅಲ್ಲೇ ಮುರಿದುಬಿತ್ತು.

ಒಮ್ಮೆ ಹೀಗೆ ಸೋತ ಕ್ಲಾಸನ್ನು ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಮತ್ತೆ ಇನಿಶಿಯಲೈಸ್ ಮಾಡಲು ಹೋಗುವುದೇ ಇಲ್ಲ. ಆಮೇಲೆ ಮುಟ್ಟಿದವರಿಗೆಲ್ಲ ನೋಕ್ಲಾಸ್‌ಡೆಫ್‌ಫೌಂಡ್‌ಎರರ್. ಆ ಹೆಸರು ನೋಡಿಯೇ ಎಲ್ಲರೂ ಸುಮ್ನೆ ಜಾರ್ ಹುಡುಕುತ್ತಾ ಕೂರುವುದು.

ಮ್ಯಾಪಿನ ಸಾಲನ್ನು ಮೇಲಕ್ಕೆ ತನ್ನಿ, ಸಾಕು. ಇನ್ನು 40ರ ವಿಷಯ: ಅದು ಫೈನಲ್, ಅಂದರೆ ಬದಲಾಗದ್ದು, ಕಂಪೈಲ್ ಆಗುವಾಗಲೇ ಗೊತ್ತಿರುವ ಮೌಲ್ಯ. ಹಾಗಾಗಿ ಕಂಪೈಲರ್ ಆ 40ನ್ನು ಬಳಸುವ ಕ್ಲಾಸಿನೊಳಗೇ ಬರೆದುಬಿಡುತ್ತದೆ. ದರಪಟ್ಟಿಯನ್ನು ಯಾರೂ ಮುಟ್ಟುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ಸಾಲು ಮೇಲೆ ಕೆಳಗೆ ಮಾಡಿದೆ, ಬಿಲ್ ಬಂತು! ತುಂಬಾ ಥ್ಯಾಂಕ್ಸ್. ಫೈನಲ್ ತೆಗೆದು, ಸ್ಟ್ಯಾಟಿಕ್ ಬ್ಲಾಕಿನಲ್ಲಿ ಒಂದು ಪ್ರಿಂಟ್ ಹಾಕಿಯೂ ನೋಡಿದೆ. ಈಗ ಮ್ಯಾಕ್ಸ್_ಲೈನ್ಸ್ ಓದಿದರೂ ಪ್ರಿಂಟ್ ಬರುತ್ತದೆ.

ಉತ್ತರ 1:
ಫೈನಲ್ ವಾಪಸ್ ಹಾಕಿದರೆ ಒಂದು ನೆನಪಿಡಿ. ನಾಳೆ 40ನ್ನು 60 ಮಾಡಿ ದರಪಟ್ಟಿ ಒಂದನ್ನೇ ಕಂಪೈಲ್ ಮಾಡಿದರೆ ಬೇರೆ ಕ್ಲಾಸ್‌ಗಳಲ್ಲಿ ಹಳೇ 40 ಹಾಗೇ ಕೂತಿರುತ್ತದೆ. ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿ.